ಮೂವತ್ತು ಕೊಡ ಕುಡಿದವನು

ರೇಷ್ಮೆ ಪಂಚೆ ಉಟ್ಟು ಪಲ್ಲಕ್ಕಿಯಲ್ಲಿ ಓಡಾಡುತ್ತಿದ್ದ ಜಲಮಂತ್ರಿಯೊಬ್ಬ ಹೆಗಲಿಗೆ ಚೀಲ ನೇತುಹಾಕಿಕೊಂಡು, ಮನೆಮನೆಯ ಬಾಗಿಲಲ್ಲಿ ನಿಂತು ನೀರಿನ ಬಿಲ್ಲು ಓದಿ ಅರ್ಥ ಹೇಳುವಂತಾಯಿತು. ಏನು ನಡೆದಿರಬಹುದು, ಊಹಿಸಿ ನೋಡೋಣ. ಆಗಲಿಲ್ಲವೇ? ಒಳ್ಳೆಯದೇ ಆಯಿತು, ಹೇಳುವ ಸುಖ ನನಗೇ ಉಳಿಯಿತು.

ಹೊನಲಾವತಿ ಎಂಬ ರಾಜ್ಯ. ಅಲ್ಲಿ ರಾಜನಿದ್ದ, ಕತ್ತಿಯಿತ್ತು, ಮನೆಗೊಂದು ನಲ್ಲಿ, ನಲ್ಲಿಗೊಂದು ಮೀಟರೂ ಇತ್ತು. ಅದು ಹೇಗೆ ಸಾಧ್ಯ ಎಂದು ಕೇಳಬೇಡಿ, ಇತ್ತು, ಅಷ್ಟೆ. ಒಂದು ಬೆಳಿಗ್ಗೆ ಡಂಗುರ ಹೊಡೆಯಿತು:

“ಕೇಳ್ರಪ್ಪೋ ಕೇಳಿ! ನೀರಿನ ಬಿಲ್ಲು ಜಾಸ್ತಿ ಬಂತೆಂದು ದೂರುವವರು ಅರಮನೆಗೆ ಬಂದು ಜಲಮಂತ್ರಿ ಕಾಳಿಂಗರಾಯರ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದವರು ಕೇಳಿದ್ದನ್ನು ಪಡೆಯುವರು. ಸೋತವರು ತಲೆ ಕಳೆದುಕೊಳ್ಳುವರು!”

ಮೊದಲು ಹೋದವನು ಒಬ್ಬ ಪಂಡಿತ. ಮಂತ್ರಿ ಮೀಸೆ ತೀಡುತ್ತ ಕೇಳಿದ: “ಮನೆಗೆ ಬೀಗ, ನಲ್ಲಿಗೆ ತುಕ್ಕು, ತಿಂಗಳಿಡೀ ಒಂದು ಹನಿ ಇಳಿದಿಲ್ಲ. ಆದರೂ ಬಿಲ್ಲು ಬಂತು. ಯಾಕೆ?” ಪಂಡಿತ ಕಣ್ಣು ಮುಚ್ಚಿ, “ಪೂರ್ವಜನ್ಮದ ಋಣ” ಎಂದ. ಅವನ ಈ ಜನ್ಮ ಅಲ್ಲಿಗೆ ಮುಗಿಯಿತು.

ಆಮೇಲೆ ಒಬ್ಬ ಜವಳಿ ವ್ಯಾಪಾರಿ. ಮೊದಲನೆಯದನ್ನು ಹೇಗೋ ದಾಟಿದ. ಎರಡನೆಯದು ಹೀಗಿತ್ತು: “ಒಳಗೆ ಬರುವಾಗ ಅಳೆಯುತ್ತೇವೆ, ಹೊರಗೆ ಹೋಗುವಾಗ ಅಳೆಯುವುದಿಲ್ಲ, ದುಡ್ಡು ಮಾತ್ರ ಎರಡಕ್ಕೂ. ಏನದು?” ವ್ಯಾಪಾರಿಗೆ ಮೂವರು ಹೆಣ್ಣುಮಕ್ಕಳು. “ಅಳಿಯ!” ಎಂದುಬಿಟ್ಟ. ದರ್ಬಾರು ಬಿದ್ದು ಬಿದ್ದು ನಕ್ಕಿತು. ರಾಜನೂ ನಕ್ಕ. ನಗುತ್ತಲೇ ತಲೆ ತೆಗೆಸಿದರು.

ಮೂರನೆಯವನು ನೀರುಗಂಟಿ ಬೆಟ್ಟಯ್ಯ. ಬೀದಿ ಬೀದಿಗೆ ನೀರು ಬಿಡುವವನು ಅವನೇ. ಎರಡನ್ನೂ ಥಟ್ಟನೆ ಬಿಡಿಸಿದ. ಆಗ ಮಂತ್ರಿ, “ಕೆರೆಯಿಂದ ನೂರು ಕೊಡ ಹೊರಡುತ್ತದೆ, ಊರಿನ ಮೀಟರುಗಳಿಗೆ ಎಪ್ಪತ್ತೇ ಮುಟ್ಟುತ್ತದೆ. ಮೂವತ್ತು ಕುಡಿದವನು ಯಾರು?” ಎಂದ.

“ಸೋರಿಕೆ, ಬುದ್ಧಿ.”

“ತಪ್ಪು! ನನ್ನ ಪೈಪು ಸೋರುವುದಿಲ್ಲ.”

ಬೆಟ್ಟಯ್ಯನ ತಲೆಯೂ ಹೋಯಿತು. ಹೆಂಡತಿ ಪುಟ್ಟಮಾದಮ್ಮ ಅಳಲಿಲ್ಲ. ಗಂಡನ ಕಬ್ಬಿಣದ ಕೋಲನ್ನು ಮೂಲೆಯಲ್ಲಿಟ್ಟು, ಒಂದು ವರ್ಷ ಪೂರ್ತಿ ಎಣ್ಣೆ ಹಚ್ಚಿ ಒರೆಸಿದಳು. ಅದು ಸುಮ್ಮನೆ ಕೋಲಲ್ಲ. ಒಂದು ತುದಿ ಪೈಪಿಗೆ ಊರಿ ಇನ್ನೊಂದು ತುದಿಗೆ ಕಿವಿ ಕೊಟ್ಟರೆ, ನೆಲದೊಳಗೆ ನೀರು ಹರಿಯುವ ಸದ್ದು ಹಾಡಿನಂತೆ ಕೇಳುತ್ತದೆ. ನೀರುಗಂಟಿಗಳ ವಿದ್ಯೆ ಅದು. ವರ್ಷ ತುಂಬಿದ ದಿನ ಕೋಲನ್ನು ಮಗ ಜವರನ ಕೈಗಿತ್ತು ಹೇಳಿದಳು: “ನಿಮ್ಮಪ್ಪ ಸತ್ಯ ಹೇಳಿ ಸತ್ತ. ನೀನು ಹೇಳಬೇಡ, ಕೇಳಿಸು.”

ಅಂದೇ ಜವರ ದರ್ಬಾರಿಗೆ ಹೋಗಿ ನಿಂತ. ಮಂತ್ರಿ ಮೂಗು ಮುರಿದ. “ಏನಯ್ಯ, ಅಪ್ಪನ ತಲೆ ಸಾಲಲಿಲ್ಲವೇ?”

“ಕೇಳಿ ಬುದ್ಧಿ,” ಎಂದ ಜವರ.

ಮಂತ್ರಿ ಮೊದಲನೆಯದನ್ನು ಕೇಳಿದ. ಜವರ ಹೇಳಿದ: “ಅದು ಕನಿಷ್ಠ ಶುಲ್ಕ. ನೀವು ಕುಡಿದರೂ ಬಿಟ್ಟರೂ ಟ್ಯಾಂಕು ನಿಂತಿರಬೇಕು, ಪೈಪು ಇರಬೇಕು, ನಮ್ಮಪ್ಪನಂಥವನಿಗೆ ಸಂಬಳವಾಗಬೇಕು. ಬೀಗ ಹಾಕಿದ ಮನೆಯೂ ಅದರ ಪಾಲು ಕೊಡುತ್ತದೆ.”

ಎರಡನೆಯದಕ್ಕೆ ಹೇಳಿದ: “ಒಳಚರಂಡಿ ಶುಲ್ಕ. ಚರಂಡಿಯ ಕೊಚ್ಚೆಗೆ ಯಾರೂ ಮೀಟರು ಕೂರಿಸಿಲ್ಲ. ಒಳಗೆ ಬಂದಷ್ಟೇ ಹೊರಗೆ ಹೋಯಿತೆಂದು ಹಿಡಿದು ಲೆಕ್ಕ ಹಾಕುತ್ತಾರೆ.”

ಮಂತ್ರಿ ಮೂರನೆಯದನ್ನೂ ನಗುತ್ತಲೇ ಕೇಳಿದ. ಏನು ಹೇಳಿದರೂ ‘ತಪ್ಪು’ ಎನ್ನುವವನಿಗೆ ಏನು ಭಯ? ಕಳ್ಳನಿಗೆ ಕದ್ದ ಮಾಲಿನ ಬಗ್ಗೆ ಸಭೆಯಲ್ಲಿ ಮಾತಾಡುವುದೂ ಒಂದು ಚಪಲ.

ಜವರ ರಾಜನ ಕಡೆ ತಿರುಗಿದ. “ಮಹಾಸ್ವಾಮಿ, ಊರಿನ ನಲ್ಲಿಗಳನ್ನೆಲ್ಲ ಒಂದು ಗಳಿಗೆ ಮುಚ್ಚಿಸಿ. ಉತ್ತರ ಅದಾಗಿಯೇ ಕೂಗುತ್ತದೆ.”

ಮಂತ್ರಿ ಕೆಮ್ಮಿದ. ರಾಜನಿಗೆ ಕುತೂಹಲ. ನಲ್ಲಿಗಳು ಮುಚ್ಚಿದವು, ಮೀಟರುಗಳ ಮುಳ್ಳುಗಳು ನಿಂತವು. ಜವರ ಅರಮನೆ ಬೀದಿಯ ಪೈಪಿಗೆ ಕೋಲು ಊರಿದ. ರಾಜ ಕಿರೀಟ ತೆಗೆದಿಟ್ಟು, ಮಂಡಿಯೂರಿ ಕಿವಿ ಕೊಟ್ಟ.

“ಅರೆ! ಹಾಡುತ್ತಿದೆ!”

“ಯಾರೂ ಕುಡಿಯದಿರುವಾಗ ಯಾರಿಗೆ ಹಾಡುತ್ತಿದೆ, ಬುದ್ಧಿ? ಬನ್ನಿ.”

ಹತ್ತು ಹೆಜ್ಜೆಗೊಮ್ಮೆ ಕೋಲು ಊರುತ್ತ ನಡೆದರು. ಸದ್ದು ಜೋರಾಗುತ್ತ ಹೋಯಿತು. ಕೊನೆಗೆ ಹೋಗಿ ನಿಂತದ್ದು ಕಾಳಿಂಗರಾಯನ ಮಾವಿನ ತೋಪಿನ ಮುಂದೆ. ಒಳಗೆ ಕಾರಂಜಿ ಕುಣಿಯುತ್ತಿತ್ತು, ತಾವರೆಕೊಳ ತುಂಬಿತ್ತು. ಗೋಡೆಯ ಬುಡ ಅಗೆದರೆ ತೋಳು ಗಾತ್ರದ ಪೈಪು! ಮೀಟರು ಮಾತ್ರ ಇಲ್ಲ.

“ನಮ್ಮಪ್ಪ ಸೋರಿಕೆ ಅಂದ,” ಎಂದ ಜವರ. “ಸುಳ್ಳಲ್ಲ. ಆ ಸೋರಿಕೆಗೊಂದು ವಿಳಾಸ ಇತ್ತು. ನೂರು ಕೊಡ ಎತ್ತಿ ಕಳಿಸುವ ಖರ್ಚನ್ನು ಎಪ್ಪತ್ತು ಕೊಡ ಕುಡಿದವರ ದರಕ್ಕೆ ಹೇರಿದ್ದಾನೆ. ಅದಕ್ಕೇ ನಮ್ಮ ಬಿಲ್ಲು ಜಾಸ್ತಿ. ಅದನ್ನು ಕೇಳಿದ್ದಕ್ಕೇ ಮೂರು ತಲೆ ಹೋಯಿತು.”

ರಾಜ ತಲೆ ತಗ್ಗಿಸಿದ. ನಕ್ಕದ್ದು ನೆನಪಾಗಿರಬೇಕು. “ಬಹುಮಾನ ಕೇಳಪ್ಪ. ಇವನ ತಲೆ ಬೇಕೇ?”

“ತಲೆ ಬೇಡ ಬುದ್ಧಿ, ಅದು ಒಂದೇ ಸಲ ಹೋಗುತ್ತದೆ. ಇವನಿಗೂ ಮೀಟರು ಹಾಕಿಸಿ. ಮಂತ್ರಿಯಾದಾಗಿನಿಂದ ಹನ್ನೆರಡು ವರ್ಷ ಕದ್ದ ನೀರಿಗೆ ಬಿಲ್ಲು ಮಾಡಿ, ಚರಂಡಿ ಶುಲ್ಕ ಸಮೇತ. ತೋಪು ಮಾರಿ ಕಟ್ಟಲಿ. ಆ ಹಣ ಸತ್ತವರ ಮನೆಗಳಿಗೆ ಹೋಗಲಿ. ಆಮೇಲೆ ಬದುಕಿರುವಷ್ಟು ದಿನ ಮನೆಮನೆಗೆ ಹೋಗಿ, ಕೇಳಿದವರಿಗೆಲ್ಲ ಬಿಲ್ಲು ಓದಿ ಅರ್ಥವಾಗುವವರೆಗೂ ಹೇಳಲಿ.”

ಹಾಗೇ ಆಯಿತು. ಡಂಗುರ ರದ್ದಾಯಿತು, ಜವರ ಜಲಮಂತ್ರಿಯಾದ, ದರ ಇಳಿಯಿತು. ಕಾಳಿಂಗರಾಯ ಚೀಲ ಹೊತ್ತು ಮೊದಲು ಹೋದದ್ದು ಪುಟ್ಟಮಾದಮ್ಮನ ಬಾಗಿಲಿಗೆ. ಬಿಸಿಲಲ್ಲಿ ನಿಂತು ಬಿಲ್ಲಿನ ಮೇಲಿನ ಸಾಲಿನಿಂದ ಕೆಳಗಿನವರೆಗೆ ಓದಿ, ಬಿಡಿಸಿ ಹೇಳಿದ. ಆಕೆ ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳಿಸಿಕೊಂಡಳು.

“ಅರ್ಥ ಆಗಲಿಲ್ಲ ಕಣಪ್ಪ. ಇನ್ನೊಂದ್ಸಲ ಹೇಳು.”

ಪ್ರತಿ ತಿಂಗಳೂ ಅದೇ ಮಾತು, ಸಂಜೆಯವರೆಗೆ. ಆಕೆಗೆ ಕೊನೆಯವರೆಗೂ ಅರ್ಥ ಆಗಲೇ ಇಲ್ಲ!

ಇನ್ನು ಆ ಕೋಲು ಹಾಡಿದ ದಿನ ಯಾವುದು ಅಂತೀರೋ? ಬೆಟ್ಟಯ್ಯನ ವರ್ಷದ ತಿಥಿ: ಭಾದ್ರಪದ ಬಹುಳ ದಶಮಿ, ಶನಿವಾರ.