ಹೊಳೆಗೆ ಹೋದ ಕನ್ನಡಕ

ಆ ವರ್ಷ ಸುರಿದಂಥ ಮಳೆ ಮತ್ತೆ ಸುರಿದಿಲ್ಲ. ಸುರಿದಿದ್ದರೆ ನನಗೊಂದು ಮಾತು ಹೇಳದೆ ಸುರಿಯುತ್ತಿರಲಿಲ್ಲ. ಹೊಳೆಯ ಮೀನುಗಳು ಆಶ್ರಮದ ಜಗಲಿಗೇ ಬಂದು ಪ್ರವಚನ ಕೇಳಿಕೊಂಡು ಹೋಗುತ್ತಿದ್ದವು. ನಂಬದವರು ಮೀನುಗಳನ್ನೇ ವಿಚಾರಿಸಬಹುದು.

ಆಶ್ರಮದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಸೈಕಲ್ಲು.

ಶಿಷ್ಯನ ಹೆಸರು ಶಿವನಂಜ. ಅವನ ಕನ್ನಡಕದ ಗಾಜು ಎಷ್ಟು ದಪ್ಪವೆಂದರೆ, ಅವನು ಅದನ್ನು ಕಳಚಿಟ್ಟಾಗ ಮೂಗು ನಿಟ್ಟುಸಿರು ಬಿಡುವುದು ಪಕ್ಕದವರಿಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಕೆಳಗಿನ ಹಟ್ಟಿಯಿಂದ ಒಬ್ಬ ಓಡಿ ಬಂದ.

"ಬುದ್ದೀ, ಅಂಬಿಗ ಚಲುವಯ್ಯ ಇವತ್ತು ದಾಟೋ ಹಂಗಿಲ್ಲ. ನಿಮ್ಮ ಕೈಯಿಂದ ಒಂದು ಗುಟುಕು ನೀರು ಬೇಕಂತೆ. ಅದಕ್ಕೇ ಉಸಿರು ಹಿಡ್ಕೊಂಡವ್ನೆ."

ಗುರುಗಳನ್ನು ಹರೆಯದಿಂದಲೂ ಹೊಳೆ ದಾಟಿಸಿದವನು ಆ ಚಲುವಯ್ಯ. ಅವರು ತಕ್ಷಣ ಎದ್ದರು. ಒಂದು ಸಣ್ಣ ತಂಬಿಗೆಯಲ್ಲಿ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಡಿಲಲ್ಲಿಟ್ಟುಕೊಂಡರು.

"ಸೈಕಲ್ ತೆಗಿಯೋ."

ಶಿವನಂಜ ಗೋಣಿಚೀಲವನ್ನು ಮಡಚಿ ಕೊಪ್ಪೆ ಮಾಡಿದ. ಗುರುಗಳ ತಲೆಗೆ ಹೊದಿಸಿ ಗದ್ದದ ಕೆಳಗೆ ದಾರ ಕಟ್ಟಿದ. ಗುರುಗಳು ಹಿಂದಿನ ಕ್ಯಾರಿಯರಿನ ಮೇಲೆ ಕೂತರು.

"ಮಳೇಲಿ ನಿನ್ನ ಕನ್ನಡಕದ ಗತಿ?"

"ಅದಕ್ಕೊಂದು ಉಪಾಯ ಮಾಡಿದೀನಿ, ಬುದ್ದಿ."

ಆಶ್ರಮದಲ್ಲಿ ಲಾಟೀನಿನ ಗಾಜನ್ನು ವಿಭೂತಿ ಪುಡಿಯಿಂದಲೇ ಉಜ್ಜುವುದು ವಾಡಿಕೆ. ಉಜ್ಜಿದರೆ ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಂಥ ಹೊಳಪು. ಶಿವನಂಜ ಕನ್ನಡಕಕ್ಕೂ ಅದನ್ನೇ ಮಾಡಿದ್ದ. ಮಳೆಹನಿ ನಿಲ್ಲದಿರಲಿ ಎಂದು ಒಂದು ಪದರ ಹೆಚ್ಚಾಗಿಯೇ ಬಳಿದು, ಒರೆಸದೆ ಬಿಟ್ಟಿದ್ದ.

ದಾರಿ ಹೊಳೆಯ ಏರಿಯ ಮೇಲೆ. ಎಡಕ್ಕೆ ಉಕ್ಕಿದ ಹೊಳೆ, ಬಲಕ್ಕೆ ತುಂಬಿದ ಕಾಲುವೆ. ನಡುವೆ ಉಳಿದಿದ್ದ ನೆಲ ಇರುವೆಗಳೂ ಒಂದರ ಹಿಂದೆ ಒಂದು ಹೋಗುವಷ್ಟು.

ಮೊದಲ ಹನಿ ಬಿತ್ತು. ವಿಭೂತಿ ಸುಣ್ಣವಾಯಿತು. ಶಿವನಂಜನ ಮುಂದಿನ ಲೋಕವೆಲ್ಲ ಬಿಳಿ ಗೋಡೆ.

ಇಳಿದ. ಪಂಚೆಯ ತುದಿಯಿಂದ ಒರೆಸಿದ. ಹತ್ತಿದ.

ಗಾಜಿನ ತುಂಬ ಹನಿ. ಇಳಿದ, ಒರೆಸಿದ, ಹತ್ತಿದ.

ಒಳಗಿನಿಂದ ಆವಿ. ಮತ್ತೆ ಇಳಿದ. ಪಂಚೆಯೇ ಈಗ ಹೊಳೆಯಷ್ಟು ನೆನೆದಿತ್ತು.

"ಇನ್ನೊಂದು ಕ್ಷಣ, ಬುದ್ದಿ. ಎಡಗಡೆ ಗಾಜು ಆಯ್ತು, ಬಲಗಡೇದು..."

"ಎಲ್ಲಿ, ಕೊಡು ಇಲ್ಲಿ."

ಶಿವನಂಜ ಕೊಟ್ಟ. ಗುರುಗಳು ಉಫ್ ಎಂದು ಊದುತ್ತಾರೆ, ಮಂತ್ರ ಹೇಳುತ್ತಾರೆ ಎಂದುಕೊಂಡ.

ಗುರುಗಳು ಕನ್ನಡಕವನ್ನು ಹೊಳೆಗೆ ಬಿಸಾಡಿದರು.

ಶಿವನಂಜನ ಬಾಯಿ ತೆರೆದದ್ದು ತೆರೆದೇ ಇತ್ತು. ಒಳಗೆ ಅರ್ಧ ತಂಬಿಗೆ ಮಳೆನೀರು ತುಂಬಿದ ಮೇಲೆಯೇ ಅವನಿಗೆ ಅದನ್ನು ಮುಚ್ಚಬೇಕೆಂಬುದು ಹೊಳೆದದ್ದು.

"ಬುದ್ದೀ! ನನ್ನ ಕಣ್ಣು!"

"ಎಷ್ಟು ದೂರ ಕಾಣ್ತದೆ ಈಗ?"

"ಮುಂದಿನ ಚಕ್ರ. ಅದರಾಚೆ ಒಂದು ಮಾರು. ಅಷ್ಟೇ."

"ಸೈಕಲ್ಲು ಒಂದು ಸಲಕ್ಕೆ ಅದಕ್ಕಿಂತ ದೂರ ಹೋಗ್ತದೇನೋ? ತುಳಿ. ಉಳಿದದ್ದು ನಾನು ಹೇಳ್ತೀನಿ."

"ಬಿದ್ರೆ?"

"ಚಲುವಯ್ಯ ಹೊಳೆ ದಾಟೋಕೆ ಕಾಯ್ತಾವ್ನೆ. ನಾವು ದಾರೀಲಿ ಸಿಗ್ತೀವಿ. ತುಳಿಯೋ!"

ಶಿವನಂಜ ತುಳಿದ. ಬೆನ್ನ ಹಿಂದಿನಿಂದ ಗುರುಗಳ ದನಿ ಗಂಟೆಯ ಹಾಗೆ ಬರುತ್ತಿತ್ತು.

"ಬಲಕ್ಕೆ!"

ಎಡದ ಮಣ್ಣು ಧೊಪ್ಪನೆ ಹೊಳೆಗೆ ಕುಸಿಯಿತು. ಸೈಕಲ್ಲು ಆಗಲೇ ಬಲಕ್ಕೆ ಸರಿದಿತ್ತು.

"ಎಡಕ್ಕೆ, ಎಡಕ್ಕೆ!"

ಬಲಕ್ಕೊಂದು ಎಮ್ಮೆ. ಅದು ಇವರನ್ನು ಕಂಡು ಬಿಟ್ಟ ಬಾಯನ್ನು ಮಾರನೆಯ ದಿನ ಮುಚ್ಚಿತಂತೆ.

"ನಿಧಾನ... ಹಾಂ, ಈಗ ತುಳಿ!"

ಹೀಗೆ ಹಟ್ಟಿ ಬಂತು. ಚಲುವಯ್ಯನ ಮಗಳು ಚಿಕ್ಕತಾಯಿ ಬಾಗಿಲಲ್ಲೇ ನಿಂತಿದ್ದಳು. ಕ್ಯಾರಿಯರಿನ ಮೇಲೆ ಕೂತಿದ್ದವರನ್ನು ನೋಡಿ ಕಿರುಚಿದಳು.

"ಅಯ್ಯಯ್ಯೋ, ಏನು ಬುದ್ದಿ ಇದು! ಮುಖಾನೇ ಇಲ್ವಲ್ಲ!"

ಕೊಪ್ಪೆ ನೆನೆದು ಗದ್ದದವರೆಗೂ ಜಾರಿ ಮುಖಕ್ಕೆ ಅಂಟಿಕೊಂಡಿತ್ತು. ಅವಳು ದಾರ ಬಿಚ್ಚಿ ಎಳೆದಳು. ಗುರುಗಳ ಹಣೆ, ರೆಪ್ಪೆ, ಕೆನ್ನೆ, ಎಲ್ಲದರ ಮೇಲೂ ಗೋಣಿಯ ನೇಯ್ಗೆ ಅಚ್ಚೊತ್ತಿತ್ತು. ಇಡೀ ದಾರಿ ಅವರು ಏನೇನೂ ಕಂಡಿರಲಿಲ್ಲ.

ಗುರುಗಳು ಇಳಿದದ್ದೇ ಶಿವನಂಜನ ಕೈಯಿಂದ ಸೈಕಲ್ಲು ಬಿತ್ತು. ಅದನ್ನು ಎತ್ತದೆ ಅವನು ಬಾಗಿಲಿಗೆ ಬಂದು ನಿಂತ.

ಗುರುಗಳು ಒಳಗೆ ಹೋಗಿ ಚಲುವಯ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ತಂಬಿಗೆಯ ಬಟ್ಟೆ ಬಿಚ್ಚಿದರು.

ಚಲುವಯ್ಯ ಒಂದು ಗುಟುಕು ಕುಡಿದ. ಕಣ್ಣು ತೆರೆದು ಬಾಗಿಲ ಕಡೆ ನೋಡಿದ.

"ಬುದ್ದೀ... ನಿಮ್ಮ ಹುಡುಗನ ಕನ್ನಡಕ ಎಲ್ಲಿ?"

"ಹೊಳೆಗೆ ಹಾಕ್ದೆ, ಚಲುವಯ್ಯ."

"ಹಂಗಾದ್ರೆ ಇನ್ಮೇಲೆ ಬಲೆ ಬೀಸೋರ ಕತೆ ಮುಗೀತು. ಮೀನೆಲ್ಲ ದೂರದಿಂದ್ಲೇ ನೋಡ್ಬಿಡ್ತವೆ."

ಚಲುವಯ್ಯ ನಕ್ಕ. ಗುರುಗಳೂ ನಕ್ಕರು. ಗುರುಗಳ ನಗು ನಿಂತಾಗ, ತೊಡೆಯ ಮೇಲಿದ್ದ ಮುಖದಲ್ಲಿ ನಗು ಹಾಗೇ ಇತ್ತು. ಉಸಿರು ಇರಲಿಲ್ಲ.

ಮಣ್ಣು ಮಾಡಿ ಬರುವ ಹೊತ್ತಿಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಶಿವನಂಜ ಸೈಕಲ್ಲು ಹಿಡಿದು ನಿಂತಿದ್ದ.

"ಬುದ್ದೀ, ನಿಮಗೆ ಏನೂ ಕಾಣ್ತಿರಲಿಲ್ಲ."

"ಇಲ್ಲ."

"ಮತ್ತೆ ಬಲಕ್ಕೆ, ಎಡಕ್ಕೆ ಅಂತ ಹೇಗೆ ಕೂಗಿದ್ರಿ?"

"ನಿನ್ನ ಬೆನ್ನು ಹಿಡ್ಕೊಂಡು ಕೂತಿದ್ದೆನಲ್ಲ. ಅದು ಬಲಕ್ಕೆ ವಾಲಿದಾಗ ಬಲಕ್ಕೆ ಅಂದೆ. ಎಡಕ್ಕೆ ವಾಲಿದಾಗ ಎಡಕ್ಕೆ ಅಂದೆ."

ಶಿವನಂಜ ಬರಿಗಣ್ಣನ್ನು ಉಜ್ಜಿಕೊಂಡ.

"ಹಾಗಾದ್ರೆ ದಾರಿ ನೋಡಿದ್ದು..."

"ಕನ್ನಡಕ ಇರೋವರೆಗೆ ನೀನು ಗಾಜನ್ನೇ ನೋಡ್ತಿದ್ದೆ."

ಗುರುಗಳು ಏರಿಯ ಕಡೆ ತಿರುಗಿದರು. ಬಿಸಿಲಲ್ಲಿ ಎಲ್ಲವೂ ನಿಚ್ಚಳವಾಗಿತ್ತು: ಕಚ್ಚಿ ತಿಂದ ರೊಟ್ಟಿಯ ಅಂಚಿನಂತೆ ಕುಸಿದ ದಾರಿ, ಅದರ ಕೆಳಗೆ ಬಾಯಿ ತೆರೆದ ಹೊಳೆ, ಕೆಸರಿನಲ್ಲಿ ಅಂಚಿಗೆ ಬೆರಳಿನಷ್ಟು ಜಾಗ ಬಿಟ್ಟು ಹೋಗಿದ್ದ ತಮ್ಮದೇ ಸೈಕಲ್ಲಿನ ಗೆರೆ.

ಗುರುಗಳು ಅದನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದರು. ಮುಖ ಬಿಳಿಚಿಕೊಂಡಿತು. ಆಮೇಲೆ ಕ್ಯಾರಿಯರಿನ ಮೇಲೆ ಕೂತು ಕೈಚಾಚಿದರು.

"ಆ ಕೊಪ್ಪೆ ಇತ್ತ ಕೊಡು."

"ಮಳೆ ನಿಂತು ಹೋಯ್ತಲ್ಲ, ಬುದ್ದಿ?"

"ಅದಕ್ಕೇ ಕಣೋ. ಈಗ ದಾರಿ ಕಾಣ್ತಿದೆ."