ಗುಂಡಿಗೆ ಬಲ್ಲ ರಣಹದ್ದು

ಕಾಡಿನ ಪ್ರಾಣಿಗಳು ನಿಂತನಿಂತಲ್ಲೇ ಗುಂಡಿಗೆ ನಿಂತು ಸಾಯತೊಡಗಿದಾಗ, ಕಾರಣ ಹುಡುಕಲು ಮುದಿ ರಣಹದ್ದು ತನ್ನ ಶಿಷ್ಯಹದ್ದುಗಳನ್ನು ಬಂಡೆಯ ಮೇಲೆ ಕೂಡಿಸಿತು. ಅವುಗಳ ವಿದ್ಯೆಯೆಂದರೆ ಸತ್ತವುಗಳ ಎದೆ ಬಗೆದು ನೋಡುವುದು, ಅಷ್ಟೇ.

ಒಂದು ಮೊಲ ಏದುಸಿರು ಬಿಡುತ್ತ ಬಂತು. "ಗುರುಗಳೇ, ನನ್ನ ಗುಂಡಿಗೆ ಆಗಾಗ ತಪ್ಪಿ ಬಡಿಯುತ್ತದೆ. ಯಾವಾಗ, ಹೇಗೆ ಎಂಬುದನ್ನು ನಾನು ಬಲ್ಲೆ. ನನ್ನನ್ನೂ ನಿಮ್ಮ ಜೊತೆ ಕೂಡಿಸಿಕೊಳ್ಳಿ."

"ಮಿಡಿಯುವ ಗುಂಡಿಗೆಯ ಮಾತು ನಂಬುವಂಥದ್ದಲ್ಲ," ಎಂದಿತು ಹದ್ದು. "ನಿನ್ನ ಸರದಿ ಬಂದಾಗ ನಾವೇ ಬರುತ್ತೇವೆ."

ಮೊಲ ತಲೆತಗ್ಗಿಸಿ ಹೋಯಿತು. ಹದ್ದಿಗೆ ನಗು ಬಂತು. ನಗು ಮುಗಿಯುವ ಮೊದಲೇ ಅದರ ಎದೆಯೊಳಗೂ ಏನೋ ತಪ್ಪಿ ಬಡಿಯಿತು. ರೆಕ್ಕೆ ಸೋತು ಬಂಡೆಗೆ ಒರಗಿತು.

ಶಿಷ್ಯಹದ್ದುಗಳು ಸದ್ದಿಲ್ಲದೆ ಸುತ್ತ ಬಂದು ಕುಳಿತವು.

"ನೋವು ಎಲ್ಲಿಂದ ಶುರುವಾಯಿತೆಂದು ಹೇಳುತ್ತೇನೆ, ಕೇಳಿ!"

"ಅವಸರವಿಲ್ಲ, ಗುರುಗಳೇ," ಎಂದಿತು ಅವುಗಳಲ್ಲಿ ಹಿರಿಯದು, ಕೊಕ್ಕನ್ನು ಕಲ್ಲಿಗೆ ಮಸೆಯುತ್ತ. "ಕಾಯುತ್ತೇವೆ."