ಅರ್ಧ ತುಂಬಿದ ಅಖಾಡ

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ವರ್ಷಕ್ಕೊಮ್ಮೆ ಪಕ್ಕದ ಊರಿನ ಕಾಲೇಜಿನೊಡನೆ ಪಂದ್ಯ ಆಡುತ್ತದೆ. ನಮ್ಮ ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಈಗ ಅದೇ ವಾರಕ್ಕೆ ದೊಡ್ಡ ಊರಿನ ತಂಡಗಳು ನಮ್ಮನ್ನು ಕರೆಯುತ್ತಿವೆ. ಯಾವಾಗ ಯಾರೊಡನೆ ಆಡಬೇಕೆಂದು ಗೊತ್ತುಮಾಡುವವನು ನಾನು. ಹಳೆಯ ಪಂದ್ಯವನ್ನು ಉಳಿಸಬೇಕೋ, ಬಿಡಬೇಕೋ?"

ಗುರು ಉಳಿಸು ಎನ್ನಲಿಲ್ಲ, ಬಿಡು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಹೊಳೆಯ ಈ ದಡದಲ್ಲಿ ಒಂದು ಗರಡಿ, ಆ ದಡದಲ್ಲಿ ಒಂದು ಗರಡಿ. ಸುಗ್ಗಿ ಮುಗಿದ ಮೇಲೆ ಎರಡರ ನಡುವೆ ಕುಸ್ತಿ. ಒಂದು ವರ್ಷ ಇಲ್ಲಿ, ಮರುವರ್ಷ ಅಲ್ಲಿ. ದಾಟಿ ಹೋಗುವವರು ತಮ್ಮ ಅಖಾಡದ ಕೆಂಪು ಮಣ್ಣನ್ನು ಬುಟ್ಟಿಗಳಲ್ಲಿ ಹೊತ್ತು ಒಯ್ಯಬೇಕು. ಎರಡೂ ಮಣ್ಣು ಬೆರೆತ ಮೇಲೆಯೇ ಪೈಲ್ವಾನರು ಇಳಿಯುವುದು. ಬಿದ್ದವನು ಪರರ ಮಣ್ಣಿನಲ್ಲಿ ಬಿದ್ದೆನೆಂದು ಕೊರಗಬಾರದು, ಅದಕ್ಕೇ ಈ ಪದ್ಧತಿ.

ಈ ದಡದಲ್ಲಿ ಕುಸ್ತಿ ಕಲಿಸುತ್ತಿದ್ದ ವಸ್ತಾದ ಕೆಲವು ವರ್ಷ ಮೇಲಿಂದ ಮೇಲೆ ಗೆದ್ದ. ಗೆಲುವು ತಲೆಗೇರಿತು. ಆ ವರ್ಷ ಅವನು ಹೊಳೆ ದಾಟಬೇಕಾಗಿದ್ದ ದಿನವೇ ರಾಜಧಾನಿಯಲ್ಲಿ ದೊಡ್ಡ ಕುಸ್ತಿ ನಿಗದಿಯಾಯಿತು. ಸೋತವರನ್ನೇ ಸೋಲಿಸುತ್ತ ಕೂತರೆ ಹೆಸರು ಬರುವುದು ಯಾವಾಗ ಎಂದುಕೊಂಡ. ಬರುವುದಿಲ್ಲ ಎಂದು ಹೇಳಿಕಳಿಸಲು ಮುಖವಿರಲಿಲ್ಲ. ಹೇಳದೆಯೇ ತನ್ನ ಪೈಲ್ವಾನರನ್ನು ಕಟ್ಟಿಕೊಂಡು ಹೊರಟುಬಿಟ್ಟ.

ರಾಜಧಾನಿಯಲ್ಲಿ ಅವನ ಪೈಲ್ವಾನ ಅಪರೂಪದ ಪಟ್ಟು ಹಾಕಿ ಗೆದ್ದ. ವಸ್ತಾದನ ಕೈಗೆ ಬೆಳ್ಳಿ ಕಡಗ ತೊಡಿಸಿದರು. ಯಾವ ಊರು ಎಂದು ಕೇಳಿದರು, ಅವನು ಉತ್ತರ ಮುಗಿಸುವ ಮೊದಲೇ ಮುಂದಿನ ಜೋಡಿಯನ್ನು ಕರೆದರು. ಆ ಪಟ್ಟಿನ ರುಚಿ ಬಲ್ಲವರಿಗೆ ಹೇಳದ ಹೊರತು ವಸ್ತಾದನಿಗೆ ಅನ್ನ ಇಳಿಯುವಂತಿರಲಿಲ್ಲ. ಬಲ್ಲವನು ಒಬ್ಬನೇ, ಆ ದಡದ ಮುದುಕ ವಸ್ತಾದ. ಜೊತೆಯವರನ್ನು ಊರಿಗೆ ಕಳಿಸಿ, ಹುರುಪಿನಲ್ಲಿ ನೇರ ಅಲ್ಲಿಗೇ ನಡೆದ. ತಾನು ಮಾಡಿದ್ದೇನು ಎಂಬುದು ಆ ಮಹಾಶಯನಿಗೆ ಗರಡಿಯ ಹೊಸ್ತಿಲು ದಾಟುವವರೆಗೂ ನೆನಪಾಗಲಿಲ್ಲ.

ಅಖಾಡದ ಅರ್ಧಕ್ಕೆ ಮಣ್ಣು ತುಂಬಿ, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡಿದ್ದರು. ಉಳಿದರ್ಧ ಬರಿದಾಗಿತ್ತು.

"ನಿನ್ನ ಮಣ್ಣು ಬರಲಿ ಅಂತ ಬಿಟ್ಟೇನಿ," ಎಂದ ಮುದುಕ. "ಅವರು ಬರಲಿಲ್ಲ, ನಾವು ಗೆದ್ದಂಗ, ಹಲಗಿ ಬಾರಸೂಣು ಅಂದ್ರು ನಮ್ಮವರು. ನಾ ಬ್ಯಾಡ ಅಂದೆ. ಮೈಯಾಗ ಆರಾಮ ಇರಲಿಲ್ಲೇನು?"

ವಸ್ತಾದ ಕಡಗದ ಕೈಯನ್ನು ಶಲ್ಯದೊಳಗೆ ಎಳೆದುಕೊಂಡ. "ಹೌದ್ರಿ, ಜ್ವರ ಬಂದಿತ್ತು," ಎಂದ.

ಮುದುಕ ಅವನ ಹಣೆ ಮುಟ್ಟಿ ನೋಡಿದ. "ಇಳದೈತಿ ಬಿಡು," ಎಂದು ಒಳಗೆ ಹೋಗಿ ಕಷಾಯ ಕಾಸಿ ತಂದ. ಗುಂಡುಕಲ್ಲಿನಂತಿದ್ದ ವಸ್ತಾದ, ಗರಡಿಯವರೆಲ್ಲ ನೋಡುತ್ತಿದ್ದಂತೆ ಆ ಕಹಿಯನ್ನು ತೊಟ್ಟೂ ಬಿಡದೆ ಕುಡಿದ. ಈ ಮುದುಕ ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎನ್ನಿಸಿತು. ಪಟ್ಟಿನ ಸುದ್ದಿ ಬಾಯಿಗೆ ಬರಲಿಲ್ಲ. ಹೊಳೆ ದಾಟುವಾಗ ಕಡಗ ಕಳಚಿ ಸೊಂಟದಲ್ಲಿ ಸಿಕ್ಕಿಸಿಕೊಂಡ. ಮುಂದೆಂದೂ ಅದನ್ನು ತೊಡಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಅವನು ಹೇಳಿದ್ದು ಸುಳ್ಳೆಂದು ಮುದುಕನಿಗೆ ಗೊತ್ತಾಯಿತೇ?" ಎಂದು ಶಿಷ್ಯ ಕೇಳಿದ.

"ಅದಿರಲಿ, ಪಕ್ಕದ ಕಾಲೇಜಿಗೆ ನೀನು ಏನು ಕಾರಣ ಹೇಳಿಕಳಿಸಿದ್ದೀಯೆ?" ಎಂದರು ಗುರು.

"ಮೈದಾನ ದುರಸ್ತಿಯಲ್ಲಿದೆ ಎಂದು," ಎಂದ ಶಿಷ್ಯ. ಮೈದಾನಕ್ಕೆ ಏನೂ ಆಗಿರಲಿಲ್ಲ.